ಸಿಸಿಲಿಯಾ ಬಾಯಮ್ಮನ ಅಂಗೈ

2024ರ ನವೆಂಬರ್ 9, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಪ್ಯಾಟ್ರಿಕ್ ಉಡುಪಿಯ ಸಂಗೀತ ವಾದ್ಯಗಳ ಅಂಗಡಿಯೊಳಗೆ ಎಂಬತ್ನಾಲ್ಕು ವರ್ಷದ ಸಿಸಿಲಿಯಾ ಬಾಯಮ್ಮನನ್ನು ಕೈಹಿಡಿದು ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ. ಅಲ್ಲಿಂದ ಸರಿಯಾಗಿ ಎರಡು ಮೀಟರ್ ಅಳೆದು ನೆಲದ ಮೇಲೆ ಗುರುತು ಹಾಕಿದ.

"ಬಾಸ್ ಗಿಟಾರಿಗೆ ಆಂಪ್ ಬೇಕು ಅಂದಿದ್ದಿರಲ್ಲ," ಅಂಗಡಿಯ ಶ್ರವಣ್ ಕೇಳಿದ. "ನುಡಿಸುವುದು ಬಾಯಮ್ಮನಾ?"

"ಅಲ್ಲ. ಅವರು ಅಳತೆಯ ಸಾಧನ."

ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ತೂಕದ ಯಂತ್ರಗಳು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸುವ ಪ್ಯಾಟ್ರಿಕ್ ತಮಾಷೆ ಮಾಡುವವನಲ್ಲ. ಕಾಪು, ಕಾರ್ಕಳದ ಕಡೆ ಯಾರ ಮನೆಯಲ್ಲಿ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ ನಡೆದರೂ, ಹಿರಿಯರೆಂದು ಬಾಯಮ್ಮನಿಗೆ ಬ್ಯಾಂಡಿನ ಎದುರಿಗೇ, ಎರಡೇ ಮೀಟರ್ ದೂರದಲ್ಲಿ ಮೊದಲ ಕುರ್ಚಿ. ಅವನ ಮೂವರ ತಂಡ ಹಾಡು ಎತ್ತುತ್ತಲೇ ಅವರು ಅವನತ್ತ ಅಂಗೈ ಚಾಚಿ ಕೆಳಕ್ಕೆ, ಇನ್ನೂ ಕೆಳಕ್ಕೆ ಎಂದು ಒತ್ತುತ್ತಿದ್ದರು. ಅವನು ತನ್ನ ಬಾಸ್ ಗಿಟಾರಿನ ವಾಲ್ಯೂಮ್ ಇಳಿಸುತ್ತಿದ್ದ. ಅಂಗೈ ಮತ್ತೆ ಇಳಿಯುತ್ತಿತ್ತು. ಆರು ವರ್ಷ ಹೀಗೇ ಕಳೆದಿತ್ತು. ಬರುವ ಇಪ್ಪತ್ತಮೂರಕ್ಕೆ ಅವರ ಮೊಮ್ಮಗಳದೇ ರೋಸ್. "ಅಮ್ಮನ ಕೈ ಒಂದು ಸಲ ಇಳಿದರೂ ಬಾಸ್ ಬಂದ್" ಎಂದು ಮಗ ಡೆನಿಸ್ ಹೇಳಿಬಿಟ್ಟಿದ್ದ. ಕೀಬೋರ್ಡಿನ ರೋನಿ ಅದಕ್ಕೊಂದು ಪರಿಹಾರವನ್ನೂ ಕೊಟ್ಟಿದ್ದ: "ಬಾಸಿಗೆ ನನ್ನ ಎಡಗೈ ಸಾಕು ಮಾರಾಯ. ನೀನು ಊಟಕ್ಕೆ ಬಾ."

ಶ್ರವಣ್ ಮೂರು ಕಾಂಬೋ ಆಂಪ್‌ಗಳನ್ನು ಸಾಲಾಗಿಟ್ಟ. ಸದ್ದು ಹಿಗ್ಗಿಸುವ ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ. ಪ್ಯಾಟ್ರಿಕ್ ಗಿಟಾರನ್ನು ಹೆಗಲಿಗೇರಿಸಿ ನಿಂತು ನೂರು ವ್ಯಾಟಿನದರಲ್ಲಿ ಮೀಟಿದ. ಅಂಗೈ ಇಳಿಯಿತು. ಐವತ್ತರದ್ದರಲ್ಲೂ ಇಳಿಯಿತು. ಹದಿನೈದರದ್ದನ್ನು ಫ್ಯಾನಿನ ಸದ್ದಿಗಿಂತ ಕಡಿಮೆ ಇಟ್ಟ. ಇಳಿಯಿತು.

"ಇದಕ್ಕಿಂತ ಸಣ್ಣದು ಉಂಟಾ?"

"ಇದಕ್ಕಿಂತ ಸಣ್ಣದೆಂದರೆ ನನ್ನ ಮೊಬೈಲು," ಎಂದ ಶ್ರವಣ್.

ಸಾಧನದಲ್ಲೇ ದೋಷವಿದ್ದರೆ ತಿಳಿಯಲು ಶೂನ್ಯ ಸದ್ದಿನಲ್ಲಿ ಪರೀಕ್ಷಿಸಬೇಕು. ಪ್ಯಾಟ್ರಿಕ್ ಪ್ಲಗ್ ಕಿತ್ತ. ತಂತಿ ಮುಟ್ಟದೆ ಸುಮ್ಮನೆ ನಿಂತ. ಬಾಯಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅಂಗೈ ನಿಧಾನವಾಗಿ ಇಳಿಯಿತು.

"ಮಾಂಯ್, ಈಗ ಎಂತ ಸೌಂಡ್ ಉಂಟು?"

"ಸೌಂಡಿನ ಸುದ್ದಿ ಯಾರು ಎತ್ತಿದರು? ಕೂತುಕೋ ಅಂತ ಹೇಳುವುದು ಪುತಾ! ಆರು ವರ್ಷದಿಂದ ಹೇಳುತ್ತಾ ಇದ್ದೇನೆ. ರೋನಿ ಕೂತಿರುತ್ತಾನೆ, ಡ್ರಮ್ಮಿನವ ಕೂತಿರುತ್ತಾನೆ. ನೀನೊಬ್ಬ ನಿಂತೇ ಇರುತ್ತಿ. ಅಷ್ಟು ಹೊತ್ತು ನಿಂತರೂ ನಿನ್ನ ಗಿಟಾರಿನಿಂದ ಒಂದು ಸದ್ದೂ ಬರುವುದಿಲ್ಲ. ನನಗೆ ಪಾಪ ಅನಿಸುವುದಿಲ್ವಾ?"

ಪ್ಯಾಟ್ರಿಕ್ ಅವರ ಕುರ್ಚಿಯ ಕೈಯನ್ನು ಮುಟ್ಟಿ ತೋರಿಸಿದ. "ಕೈ ಇರುವ ಕುರ್ಚಿಯಲ್ಲಿ ಗಿಟಾರ್ ಹಿಡಿಯಲಿಕ್ಕೆ ಆಗುವುದಿಲ್ಲ, ಮಾಂಯ್."

ಬಾಯಮ್ಮ ಊರುಗೋಲಿನಿಂದ ಹತ್ತಿರದ ಆಂಪನ್ನು ಕುಟ್ಟಿದರು. "ಮತ್ತೆ ಈ ಪೆಟ್ಟಿಗೆ ಇರುವುದು ಎಂತಕ್ಕೆ?"

ಹದಿನೈದು ವ್ಯಾಟಿನದರ ಮೇಲೆ ಕೂತರೆ ಮೊಣಕಾಲು ಗಿಟಾರಿಗೆ ತಾಗಿತು. ನೂರರದ್ದರ ಮೇಲೆ ಪಾದ ನೆಲ ಮುಟ್ಟದೆ ತೂಗಾಡಿತು. ಬಾಯಮ್ಮನ ಅಂಗೈ ಅರ್ಧ ಮೇಲೆದ್ದಿತು. ಐವತ್ತರದ್ದರ ಮೇಲೆ ಅವನು ನೆಟ್ಟಗೆ ಕೂತ. ಒಂದು ನಿಮಿಷ ಕಾದ. ಅಂಗೈ ಮಡಿಲಲ್ಲಿದ್ದ ಚೀಲದ ಮೇಲೆಯೇ ಇತ್ತು.

"ಸೌಂಡ್ ಇನ್ನೊಮ್ಮೆ ಕೇಳುವುದಿಲ್ವಾ, ಸರ್?" ಶ್ರವಣ್ ಪ್ಲಗ್ ಹಿಡಿದು ನಿಂತಿದ್ದ.

ಪ್ಯಾಟ್ರಿಕ್ ಜೇಬಿನಿಂದ ಅಳತೆಯ ಪುಸ್ತಕ ತೆಗೆದು, ಮನೆಯಲ್ಲೇ ಗೆರೆ ಎಳೆದಿಟ್ಟಿದ್ದ ವ್ಯಾಟ್, ಕಂಪನಾಂಕ, ತೂಕ ಎಂಬ ಮೂರು ಕಾಲಂಗಳನ್ನೂ ಹೊಡೆದುಹಾಕಿದ. ಆಮೇಲೆ ಟೇಪು ಹಿಡಿದು ಎರಡೆರಡು ಸಲ ಅಳೆದು, ಕೆಳಗೆ ಒಂದೇ ಸಾಲು ಬರೆದ: ಎತ್ತರ, ನಲವತ್ತಾರು ಸೆಂಟಿಮೀಟರ್.