ಕೌದಿಯ ಹೊಟ್ಟೆ

ಹಳೆಯ ಕೌದಿಯ ವಾಸನೆ ಬಂದರೆ ಈಗಲೂ ನನ್ನ ಮುಷ್ಟಿ ತಾನಾಗಿ ಬಿಗಿಯುತ್ತದೆ.

ಮಹಾಯುದ್ಧದ ದಿನಗಳು, ಸ್ವಾತಂತ್ರ್ಯ ಚಳವಳಿಯವರೆಲ್ಲ ಭೂಗತರಾಗಿದ್ದರು. ಕಮರಿಪೇಟೆಯ ನಮ್ಮ ಮನೆಯಲ್ಲಿ ಸೋದರತ್ತೆ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದೆಂದು ಅದರ ನಡುವೆ ಹಿಡಿ ಅಕ್ಕಿ ಇಟ್ಟು ಹೊಲಿಯುವುದು ನಮ್ಮ ಹೆಂಗಸರ ವಾಡಿಕೆ. ಆ ಮಧ್ಯಾಹ್ನ ಅತ್ತೆ ಅಕ್ಕಿಯನ್ನು ನನ್ನ ಕೈಗೆ ಸುರಿದಳು. ಎಲ್ಲೆಲ್ಲಿ ಪೊಲೀಸ್ ಪಹರೆಯಿದೆಯೆಂದು ತಾನೇ ನೋಡಿ ಭೂಗತರಿಗಾಗಿ ಬರೆದ ಚೀಟಿಯನ್ನು ಅಕ್ಕಿಯ ಜಾಗದಲ್ಲಿಟ್ಟು ಹೊಲಿದಳು. ದಾರ ಕಡಿಯುವಷ್ಟರಲ್ಲಿ ಹವಾಲ್ದಾರ ಒಳಗೆ ಬಂದ.

ಕೌದಿ ತಡವಿದ ಅವನ ಬೆರಳು ನಡುವೆ ನಿಂತಿತು. "ಒಳಗೇನೈತ್ರೀ ಬಾಯಾರ?"

"ಕೌದಿ ಹೊಟ್ಟಿ ಖಾಲಿ ಇಡಬಾರದಲ್ರಿ. ಅಕ್ಕಿ ಇಟ್ಟೇನಿ," ಎಂದಳು ಅತ್ತೆ.

"ಖರೇ. ನಮ್ಮವ್ವನೂ ಹಂಗ ಹೊಲೀತಿದ್ಲು." ಕೌದಿಯನ್ನು ಮೆಲ್ಲಗೆ ಮಡಚಿಟ್ಟು ಹೊರಟುಹೋದ.

ನನಗೋ ಚಪ್ಪಾಳೆ ತಟ್ಟುವಷ್ಟು ಖುಷಿ. ಆದರೆ ಮುಷ್ಟಿ ಬಿಚ್ಚುವಂತಿರಲಿಲ್ಲ. ಆ ಅಕ್ಕಿಯೆಲ್ಲ ನನ್ನ ಕೈಯಲ್ಲಿತ್ತು.