ಒಗೆಯದ ದುಪಟ್ಟಾ

ಮೂರನೆಯ ದಿನ ರಿಹಾನ್ ಅಳಲಿಲ್ಲ. ಶಬ್ರೀನ್‌ಗೆ ಹೆದರಿಕೆ ಹತ್ತಿದ್ದೇ ಅಂದಿನಿಂದ.

ಮೊದಲ ದಿನ ಶಿಶುವಿಹಾರದಲ್ಲಿ ಒಂದು ತಾಸು ಬಿಟ್ಟಿದ್ದಕ್ಕೆ ಬೀದಿಯ ತುದಿಗೆ ಕೇಳುವಂತೆ ಅತ್ತಿದ್ದ. ಎರಡನೆಯ ದಿನ ಎರಡು ತಾಸು, ಅದೇ ರಾಗ. ಹತ್ತು ತಿಂಗಳಿಂದ ಅಮ್ಮನ ಹೆಗಲು ಬಿಟ್ಟು ಇಳಿಯದ ಕೂಸು, ಅಳದೆ ಇನ್ನೇನು ಮಾಡೀತು? ಆದರೆ ಮೂರನೆಯ ದಿನ ಮಧ್ಯಾಹ್ನ ಹೋಗಿ ನೋಡಿದರೆ ಅಲ್ಲಿನ ಆಯಾ ಮಾಯಮ್ಮನ ಸೊಂಟದ ಮೇಲೆ ಕೂತು ನಗುತ್ತಿದ್ದ. ಶಬ್ರೀನ್ ಕೈ ಚಾಚಿದಾಗ ತಕ್ಷಣ ಬರಲಿಲ್ಲ. ಒಮ್ಮೆ ಇವಳ ಮುಖ ನೋಡಿದ, ಒಮ್ಮೆ ಅವಳ ಮುಖ ನೋಡಿದ.

“ಅಳದಿದ್ರೆ ಖುಷಿ ಪಡು. ಅದಕ್ಕೂ ಫಿಕರ್ ಮಾಡ್ತೀಯಲ್ಲ,” ಎಂದ ಗಂಡ ಶೋಯಬ್. ಗೂಡ್ಸ್ ಆಟೋ ಓಡಿಸುವವನಿಗೆ ಹೆತ್ತ ಕರುಳಿನ ಸಂಕಟ ಎಲ್ಲಿ ತಿಳಿಯಬೇಕು.

ಶಿಶುವಿಹಾರದಲ್ಲಿ ಎಂಟು ಕೂಸುಗಳು. ನೋಡಿಕೊಳ್ಳುವವಳು ಮಾಯಮ್ಮ ಒಬ್ಬಳೇ. ದೇವಲಾಪುರದ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದ ಹೆಂಗಸು, ಐವತ್ತರ ಆಸುಪಾಸು, ಮಕ್ಕಳಾಗಿರಲಿಲ್ಲ. ಹೇಳುವುದು ಕಡಿಮೆ, ಕೇಳುವುದು ಹೆಚ್ಚು. ಮನೆಯಲ್ಲಿ ಕೂಸನ್ನು ಏನೆಂದು ಕರೆಯುತ್ತೀಯ? ಯಾವ ಹೆಗಲ ಮೇಲೆ, ಏನು ಹೇಳಿ ಮಲಗಿಸುತ್ತೀಯ? ಎರಡನೆಯ ದಿನ ಇನ್ನೊಂದು ಕೇಳಿದ್ದಳು.

“ನಿನ್ ದುಪಟ್ಟಾ ಒಂದ್ ತತ್ತಾ.”

“ನಾಳೆ ಒಗೆದಿರೋದು ತರ್ತೀನಿ ಅಕ್ಕ.”

“ಒಗಿಬ್ಯಾಡ ಕಣವ್ವ. ಹೊದ್ದಿದ್ದಂಗೇ ಬೇಕು.”

“ಯಾಕೆ?”

“ಬೇಕಾಯ್ತದೆ ಬುಡು.”

ರಾತ್ರಿಯೆಲ್ಲ ಹೊದ್ದು ಮಲಗಿದ್ದ ನೀಲಿ ಹೂವಿನ ದುಪಟ್ಟಾವನ್ನು ಮರುದಿನ ಬೆಳಿಗ್ಗೆ ಕೊಟ್ಟಳು. ಬೇರೆ ತಾಯಂದಿರನ್ನು ವಿಚಾರಿಸೋಣವೆಂದರೆ, ಬಾಗಿಲಲ್ಲಿ ಕೂಸು ಇಳಿಸಿ ಗಾರ್ಮೆಂಟ್ಸಿನ ಬಸ್ಸಿಗೆ ಓಡುವವರೇ ಎಲ್ಲರೂ. ನಿಂತು ಮಾತಾಡಲು ಯಾರಿಗೆ ಪುರುಸೊತ್ತು?

ಪುರುಸೊತ್ತಿದ್ದವಳು ಚಲುವಮ್ಮ. ಶಿಶುವಿಹಾರದ ಎದುರಿಗೇ ಅವಳ ಟೀ ಅಂಗಡಿ. ನಾಲ್ಕನೆಯ ದಿನ ಶಬ್ರೀನ್ ಮನಸ್ಸು ತಡೆಯದೆ ಅವಳೆದುರು ಬಾಯಿಬಿಟ್ಟಳು. ಚಲುವಮ್ಮ ಗ್ಲಾಸು ತೊಳೆಯುವುದನ್ನು ನಿಲ್ಲಿಸಿದಳು.

“ಮೈಮೇಗ್ಳ ಬಟ್ಟೆ, ಅದೂ ಒಗೀದೇ ಇರೋದು. ಯಾತುಕ್ ಕೇಳ್ತಾರೆ ಅಂತ ಗೊತ್ತಿಲ್ವಾ ನಿಂಗೆ? ಸುಮ್ನೆ ಕೊಟ್ಬುಟ್ಯಲ್ಲ.”

ಗೊತ್ತಿತ್ತು. ಮಾಟ ಮಾಡುವವರು ಅದನ್ನೇ ಕೇಳುತ್ತಾರೆ. ಆ ರಾತ್ರಿ ಶಬ್ರೀನ್ ಕಣ್ಣು ಮುಚ್ಚಲಿಲ್ಲ. ಕೂಸು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ತನ್ನಿಂದ ದೂರವಾಗುತ್ತಿದೆ ಎನ್ನಿಸಿ ಅಳು ಬಂತು. ಆದರೆ ಬೆಳಗಾದರೆ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಸೇರುವ ದಿನ. ಹೋಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಸೂಪರ್‌ವೈಸರ್ ಮೊದಲೇ ಹೇಳಿದ್ದ. ದೇವರ ಮೇಲೆ ಭಾರ ಹಾಕಿ ಕೂಸನ್ನು ಬಿಟ್ಟು ಹೋದಳು.

ಊಟದ ಹೊತ್ತಿಗೆ ಫೋನು ಬಂತು. ಚಲುವಮ್ಮ.

“ಯಾಕವ್ವ, ಮೊದ್ಲ ದಿನಾನೇ ಕೆಲಸಕ್ ಓಗ್ಲಿಲ್ವಾ? ಕಿಟಕೀಲಿ ಕಂಡೆ, ಕೂಗ್ದೆ. ನೀನು ತಿರುಗೂ ನೋಡ್ಲಿಲ್ಲ.”

“ನಾನು ಫ್ಯಾಕ್ಟರೀಲಿ ಇದೀನಿ ಅಕ್ಕ.”

ಚಲುವಮ್ಮ ದನಿ ತಗ್ಗಿಸಿದಳು.

“ಅಂಗಾದ್ರೆ ನಿನ್ ನೀಲಿ ದುಪಟ್ಟಾ ಒದ್ಕಂಡು ನಿನ್ ಮಗೀನ ಎತ್ಕಂಡ್ ನಿಂತಿದ್ದೋರು ಯಾರು?”

ಶಬ್ರೀನ್ ಡಬ್ಬಿಯನ್ನು ಹಾಗೇ ಬಿಟ್ಟು ಎದ್ದಳು. ಸೂಪರ್‌ವೈಸರ್ ಕೂಗಿದ್ದು ಕಿವಿಗೆ ಬಿದ್ದರೂ ನಿಲ್ಲಲಿಲ್ಲ. ಆಟೋ ಹತ್ತಿ ಬಂದು ಇಳಿದಳು. ಶಿಶುವಿಹಾರದ ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿಯ ಬಳಿಗೆ ಹೋದಳು.

ಮಾಯಮ್ಮ ಬೆನ್ನು ಹಾಕಿ ನಿಂತಿದ್ದಳು. ತಲೆಯ ಮೇಲೆ ನೀಲಿ ಹೂವಿನ ದುಪಟ್ಟಾ, ಶಬ್ರೀನ್ ಹೊದೆಯುವ ಹಾಗೆಯೇ. ಎಡ ಹೆಗಲ ಮೇಲೆ ರಿಹಾನ್, ದುಪಟ್ಟಾದ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡಿದ್ದ. “ಸೋಜಾ ಮುನ್ನಾ, ಸೋಜಾ,” ಎನ್ನುತ್ತಿದ್ದಳು ಮಾಯಮ್ಮ. ಅದು ಕೂಸನ್ನು ಮಲಗಿಸುವಾಗ ಶಬ್ರೀನ್ ಹೇಳುವ ಮಾತು, ಶಬ್ರೀನ್‌ಳದೇ ಧಾಟಿ. ತನ್ನ ಮಗನಿಗೆ ಇನ್ನು ತಾನು ಬೇಕಿಲ್ಲ. ಕಿಟಕಿ ಬಡಿಯಲು ಕೈ ಎತ್ತಿದಳು.

ಅಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ಕೂಸು ಎದ್ದು ಅಳತೊಡಗಿತು. ಮಾಯಮ್ಮ ರಿಹಾನನನ್ನು ತೊಟ್ಟಿಲಲ್ಲಿ ಮಲಗಿಸಿ, ದುಪಟ್ಟಾ ತೆಗೆದು ಮಡಚಿ, ಅವನ ಹೆಸರು ಬರೆದ ಚೀಲಕ್ಕೆ ಹಾಕಿದಳು. ಗೋಡೆಯ ಮೊಳೆಗಳಿಗೆ ಅಂಥವೇ ಇನ್ನೂ ಏಳು ಚೀಲಗಳು ತೂಗುತ್ತಿದ್ದವು. ‘ಧನುಶ್ರೀ’ ಎಂದಿದ್ದ ಚೀಲದಿಂದ, ಅಡುಗೆಯ ಅರಿಶಿನ ಅಂಟಿದ್ದ ಯಾರದೋ ಹಳೆಯ ಸೀರೆಯನ್ನು ಎಳೆದು ಮೈಗೆ ಸುತ್ತಿಕೊಂಡು ಆ ಕೂಸಿನತ್ತ ಓಡಿದಳು: “ಬಂದೆ ಕಣ್ ಚಿನ್ನಿ, ಅವ್ವ ಬಂದ್ಲು.”