ಸಂಶೋಧನೆಯ ವಿಷಯ

"ಹಳೇ ಪತ್ರಿಕೆಗಳ ಕೋಣೆ ಸಂಶೋಧಕರಿಗೆ ಮಾತ್ರ. ಕಾಲೇಜಿನಿಂದ ಪತ್ರ ತನ್ನಿ," ಎಂದರು ಗ್ರಂಥಪಾಲಕರು, ತಲೆಯೆತ್ತದೆ.

ಮೇಜಿನ ಮುಂದೆ ನಿಂತಿದ್ದವಳು ಎದುರು ರಸ್ತೆಯ ಇಸ್ತ್ರಿ ಅಂಗಡಿಯವಳು. "ನಾನು ಓದಿದ್ದೇ ಎರಡನೇ ಕ್ಲಾಸು. ನಂಗ್ಯಾವ ಕಾಲೇಜು ಪತ್ರ ಕೊಡುತ್ತೆ ಸಾರ್?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಒಂದೇ ಒಂದು ಫೋಟೋ. ನೋಡ್ಕೊಂಡು ಹೊರಟುಬಿಡ್ತೀನಿ."

ಅವಳು ಎಂಟು ತಿಂಗಳ ಕೂಸಾಗಿದ್ದಾಗ ಅಪ್ಪ ಕೆಲಸದ ಜಾಗದಲ್ಲಿ ಬಿದ್ದು ತೀರಿಕೊಂಡಿದ್ದ. ಮನೆಯಲ್ಲಿ ಅವನದೊಂದು ಪಟವೂ ಇರಲಿಲ್ಲ. ಅದಕ್ಕೂ ಮುಂಚೆ ಹೊಳೆಯ ಸೇತುವೆ ಮುಗಿದಾಗ ಕಟ್ಟಿದವರ ಫೋಟೋ ಪೇಪರಿನಲ್ಲಿ ಬಂದಿತ್ತು, ಅದರಲ್ಲಿ ನಿಮ್ಮಪ್ಪ ಇದ್ದಾನೆ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಅಮ್ಮ ಹೋಗಿ ತಿಂಗಳಾಗಿತ್ತು.

ಅವಳು ಇದನ್ನೆಲ್ಲ ಹೇಳಿಕೊಂಡದ್ದು ಪಕ್ಕದಲ್ಲಿ ಕುಳಿತಿದ್ದ ಹುಡುಗಿಗೂ ಕೇಳಿಸಿತು. ಗ್ರಂಥಾಲಯ ವಿಜ್ಞಾನ ಓದುತ್ತಿದ್ದ ಅವಳು ತರಬೇತಿಗೆಂದು ಬಂದು, ಅದೇ ಕೋಣೆಯ ಪತ್ರಿಕೆಗಳಲ್ಲಿ ಯಾರ ಹೆಸರು ಯಾವ ಪುಟದಲ್ಲಿದೆ ಎಂದು ತೋರಿಸುವ ಸೂಚಿ ಕಾರ್ಡು ಬರೆಯುತ್ತಿದ್ದಳು. ಮಾಹಿತಿ ಎಲ್ಲರಿಗೂ ಸಮನಾಗಿ ಸಿಗಬೇಕು ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಈಗ ಕಿವಿ ಬಿಸಿಯಾಯಿತು. ಸಂಶೋಧಕರ ರಿಜಿಸ್ಟರನ್ನು ಎಳೆದುಕೊಂಡಳು.

"ಸಂಸ್ಥೆ ಯಾವುದಮ್ಮ?"

"ಇಸ್ತ್ರಿ ಅಂಗಡಿ."

"ಸಂಶೋಧನೆಯ ವಿಷಯ?" ಇಸ್ತ್ರಿಯವಳು ಪಿಳಿಪಿಳಿ ನೋಡಿದಳು. "ಅಂದ್ರೆ, ಏನು ಹುಡುಕ್ತಾ ಇದೀರಿ ಅಂತ."

"ಅಪ್ಪನ್ನ."

ಹುಡುಗಿ ಹಾಗೆಯೇ ಬರೆದು ರಿಜಿಸ್ಟರನ್ನು ಗ್ರಂಥಪಾಲಕರ ಕಡೆ ತಿರುಗಿಸಿದಳು. ಅವರು ಎರಡು ಸಲ ಓದಿದರು. ಡ್ರಾಯರಿನಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು.

ಮೂರನೆಯ ಸಂಪುಟದಲ್ಲಿ ಫೋಟೋ ಸಿಕ್ಕಿತು. ಸೇತುವೆಯ ಮೇಲೆ ಮುಂದೆ ಮೂವರು ಕೋಟಿನವರು, ಹಿಂದೆ ಸಾಲಾಗಿ ಹದಿನೇಳು ಜನ. ಒಬ್ಬೊಬ್ಬರ ಮುಖವೂ ಕಾಳಿನಷ್ಟೇ. ಹುಡುಗಿ ಭೂತಗನ್ನಡಿ ಹಿಡಿದಳು. ಮುಖಗಳು ಬರೀ ಚುಕ್ಕಿಗಳಾಗಿ ಚದುರಿಹೋದವು.

"ಇದರಲ್ಲಿ ನಮ್ಮಪ್ಪ ಯಾರಮ್ಮ? ಕೆಳಗೆ ಬರೆದಿದ್ದಾರಲ್ಲ, ಓದು."

ಹುಡುಗಿ ಓದಿದಳು. ಮಂತ್ರಿಯ ಹೆಸರಿತ್ತು, ಎಂಜಿನಿಯರರ ಹೆಸರಿತ್ತು, ಗುತ್ತಿಗೆದಾರನ ಹೆಸರಿತ್ತು. "ಆಮೇಲೆ... 'ಮತ್ತು ಕಾರ್ಮಿಕರು' ಅಂತಿದೆ."

ಇಸ್ತ್ರಿಯವಳು ಬಹಳ ಹೊತ್ತು ಬಾಗಿಯೇ ಇದ್ದಳು. "ನನ್ನ ಕಿವಿ ಅಪ್ಪಂದೇ ಅಂತ ಅಮ್ಮ ಹೇಳ್ತಿದ್ಲು. ಕಿವಿ ನೋಡಿ ಕಂಡುಹಿಡಿಯೋಣ ಅಂದ್ಕೊಂಡಿದ್ದೆ. ಎಲ್ರೂ ಕಿವಿ ಮುಚ್ಚೋ ಹಾಗೆ ಟೋಪಿ ಹಾಕ್ಕೊಂಡು ನಿಂತ್ಬಿಟ್ಟಿದ್ದಾರೆ, ನೋಡು!" ಎಂದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕಾಗದಕ್ಕೆ ತಾಕದಂತೆ ಒಂದೊಂದೇ ಮುಖದ ಮೇಲೆ ಹಾಯಿಸಿದಳು. ಒಬ್ಬನನ್ನೂ ಬಿಡಲಿಲ್ಲ.

"ಅಪ್ಪನ ಹೆಸರು ಹೇಳಿ," ಎಂದಳು ಹುಡುಗಿ.

ಹೊಸ ಕಾರ್ಡಿನಲ್ಲಿ ಆ ಹೆಸರು ಬರೆದಳು. ಕೆಳಗೆ ಪತ್ರಿಕೆಯ ತಾರೀಖು, ಪುಟ, 'ಸೇತುವೆ ಕಟ್ಟಿದವರು, ಹಿಂದಿನ ಸಾಲು'. ಇಸ್ತ್ರಿಯವಳು ಅಕ್ಷರ ಕೂಡಿಸಿಕೊಂಡು ಅಪ್ಪನ ಹೆಸರನ್ನು ಓದಿದಳು. ಮತ್ತೊಮ್ಮೆ ಓದಿದಳು.

ಬೆನ್ನ ಹಿಂದೆ ಗ್ರಂಥಪಾಲಕರು ಬಂದು ನಿಂತಿದ್ದರು. ಪತ್ರಿಕೆಯಲ್ಲಿ ಇಲ್ಲದ ಹೆಸರು ಸೂಚಿಯಲ್ಲಿ ಬರಕೂಡದು. ಹುಡುಗಿ ಬೈಗುಳಕ್ಕೆ ಸಿದ್ಧಳಾದಳು. ಅವರು ಕಾರ್ಡು ಓದಿದರು. ಕನ್ನಡಕ ಮೇಲೇರಿಸಿಕೊಂಡು ಫೋಟೋದ ಮೇಲೆ ಬಾಗಿದರು.

"ಇನ್ನೂ ಹದಿನಾರು ಜನ ಇದ್ದಾರಲ್ಲಮ್ಮ," ಎಂದು ಖಾಲಿ ಕಾರ್ಡುಗಳನ್ನು ಹುಡುಗಿಯ ಮುಂದೆ ಸರಿಸಿದರು.